ತೆಂಗಿನಮರಕ್ಕೆ ಬಿದ್ದ ಓಟು

ಗುಡ್ಡನ ಸೈಕಲ್ಲಿನ ಹಾರ್ನು ಗದ್ದೆಯ ಆಚೆ ಮೂರು ಸಲ ಕೂಗಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ಜಗಲಿಯ ಕಂಬಕ್ಕೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆದುಕೊಳ್ಳುತ್ತಿದ್ದ ಚಂದಯ್ಯ ಶೆಟ್ಟಿ ಕತ್ತಿಯನ್ನು ಕೆನ್ನೆಯ ಮೇಲೆ ಹಾಗೆಯೇ ನಿಲ್ಲಿಸಿ ಕಿವಿಗೊಟ್ಟ. ಮೊದಲೆಲ್ಲ ಈ ಹಾರ್ನು ಕೇಳಿದರೆ ಸಾಲು ಮನೆಗಳ ಬೆಕ್ಕುಗಳೂ ಹೆಂಗಸರೂ ಒಟ್ಟಿಗೇ ಅಂಗಳಕ್ಕೆ ಇಳಿಯುತ್ತಿದ್ದರು. ಈಗ ಬೆಕ್ಕುಗಳು ಮಾತ್ರ ಇಳಿದವು. ಹನ್ನೆರಡು ದಿನಗಳಿಂದ ಹೀಗೇ. ಬೆಳಗಿನ ಮೊದಲ ಬಸ್ಸಿನಲ್ಲಿ ಕುಂದಾಪುರದಿಂದ ಬರುವ ಮೀನಿನ ಬುಟ್ಟಿಯನ್ನು ಹಾಲಾಡಿಯಲ್ಲಿ ಇಳಿಸಿಕೊಂಡು, ಗುಡ್ಡ ನಡುಬೆಟ್ಟಿನ ಏರು ಹತ್ತಿ ಎಂದಿನಂತೆ ಬರುತ್ತಿದ್ದ. ಎಂದಿನಂತೆ ಹಾರ್ನು ಒತ್ತುತ್ತಿದ್ದ. ಒಳಗಿನಿಂದ ಹುರುಳಿ ಬೇಯುವ ವಾಸನೆ ಬಂತು. ನಿನ್ನೆಯೂ ಹುರುಳಿ, ಮೊನ್ನೆ ನುಗ್ಗೆಸೊಪ್ಪು.

"ಮೀನ್ ತಕಂಬುದಿಲ್ಯಾ?" ಚಂದಯ್ಯ ಅಡಿಗೆಮನೆಯ ಕಡೆ ಮುಖ ಮಾಡಿ ಕೇಳಿದ.

ಹೆಂಡತಿ ಪ್ರಭಾವತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಯಾರೂ ತಕಂತಿಲ್ಲ ಅಲ್ದಾ? ನಾವೊಬ್ರೇ ತಕಂಡ್ರೆ ಅಣ್ಣಯ್ಯಂಗ್ ಹ್ಯಾಂಗ್ ಕಾಂತ್?"

"ತಕಂಬುಕಾಗ ಅಂದ್ ನಿನ್ನಣ್ಣಯ್ಯ ಹೇಳಿದ್ರಾ?"

"ಅವ್ರ್ ಎಂತಕ್ ಹೇಳ್ತ್ರ್? ಅದನ್ನೆಲ್ಲ ಹೇಳ್ಕಾ?"

ಅದು ನಿಜ. ಪ್ರಭಾವತಿಯ ಅಣ್ಣ ರತ್ನಾಕರ ಹೆಗ್ಡೆ ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಇದಕ್ಕಾಗಿ ಸಭೆ ಸೇರಿರಲಿಲ್ಲ, ಗುಡ್ಡನಿಗೆ ಒಂದು ಕೆಟ್ಟ ಮಾತು ಅಂದವರಿಲ್ಲ. ಮೋಡ ಕವಿದಾಗ ಅಂಗಳದ ಭತ್ತವನ್ನು ಎಲ್ಲ ಮನೆಯವರೂ ಒಂದೇ ಹೊತ್ತಿಗೆ ಒಳಗೆ ತರುವ ಹಾಗೆ, ಊರು ತಾನಾಗಿಯೇ ಮೀನು ತಿನ್ನುವುದನ್ನು ನಿಲ್ಲಿಸಿತ್ತು. ರತ್ನಾಕರ ಹೆಗ್ಡೆ ಕೆಟ್ಟ ಮನುಷ್ಯನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಚಂದಯ್ಯ ಯೋಚಿಸಿದ. ಶಾಲೆಗೆ ಹಂಚು ಹೊದೆಸಿದ್ದು ಅವರು. ಗುಡ್ಡ ಗಂಗೊಳ್ಳಿಯಿಂದ ಹೆಂಡತಿಯನ್ನು ಕರೆದುಕೊಂಡು ಬಂದು ನಿಂತಾಗ ರಸ್ತೆ ಬದಿಯ ತಮ್ಮ ಜಾಗದಲ್ಲಿ ಬಿಡಾರ ಕಟ್ಟಿಕೊಳ್ಳಲು ಬಿಟ್ಟದ್ದೂ ಅವರೇ. ಕೆರಾಡಿಯಿಂದ ಬಂದ ಚಂದಯ್ಯ ಹದಿನೇಳು ವರ್ಷಗಳಿಂದ ಕೂತು ಉಣ್ಣುತ್ತಿರುವ ಈ ಮನೆಯೂ ಪ್ರಭಾವತಿಯ ಪಾಲಿನದು. ಪಾಲು ಮಾಡಿದಾಗ ಒಳ್ಳೆಯ ಗದ್ದೆಯನ್ನು ತಂಗಿಗೆ ಬಿಟ್ಟು, ಕಲ್ಲು ಗದ್ದೆಯನ್ನು ತಾನು ಇಟ್ಟುಕೊಂಡ ಮನುಷ್ಯ ರತ್ನಾಕರ ಹೆಗ್ಡೆ. ಅಂಥವರ ಎದುರು ಒಂದು ಓಟು ಹಾಕಿದ್ದೇಕೆ ಎಂದು ಯಾರಾದರೂ ಕೇಳಿದರೆ ಹೇಳಲಿಕ್ಕೆ ಚಂದಯ್ಯನ ಬಳಿ ಏನೂ ಇರಲಿಲ್ಲ. ಹನ್ನೆರಡು ದಿನಗಳಿಂದ ಅವನು ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ಹೆಗ್ಡೆಯವರ ಚಾವಡಿಯಲ್ಲಿ ಊರು ಸೇರಿದ್ದ ದಿನ ನೆನಪಾಯಿತು. ಮೈಸೂರು ಸರಕಾರದ ಹೊಸ ಕಾನೂನಿನ ಪ್ರಕಾರ ಪಂಚಾಯತಿಗೆ ಚುನಾವಣೆ ಆಗಬೇಕು ಎಂದು ಕಾಗದ ಬಂದಿತ್ತು. ಚುನಾವಣೆ ಎಂದರೆ ಜಗಳ, ನಮ್ಮ ಊರಿಗೆ ಅದು ಬೇಡ, ಅವಿರೋಧವಾಗಿ ಮಾಡುವ ಎಂದು ಎಲ್ಲರೂ ಅಂದರು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ರತ್ನಾಕರ ಹೆಗ್ಡೆ ಬೇಡ ಬೇಡ ಅನ್ನುತ್ತಲೇ ಎಲೆಯಡಿಕೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಯಾರದ್ದಾರೂ ಬೇರೆ ಅಭಿಪ್ರಾಯ ಇತ್ತಾ? ಇದ್ರೆ ಈಗ್ಲೇ ಹೇಳಿ," ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಚಂದಯ್ಯ ಕಂಬದ ಪಕ್ಕದಲ್ಲಿ ಕೂತಿದ್ದ. ನೋಟ ತನ್ನ ಹತ್ತಿರ ಬರುವಾಗ ತಲೆ ಆಡಿಸಬೇಕು ಎಂದು ಕತ್ತು ಸರಿಮಾಡಿಕೊಂಡೂ ಇದ್ದ. ಆದರೆ ಅವರು ಅವನ ಕಡೆ ನೋಡಲಿಲ್ಲ. "ಚಂದಯ್ಯಂದ್ ಎಂತ ಇಲ್ಲ," ಎಂದು ತಾವೇ ಹೇಳಿ ಅವನ ಆಚೆ ಕೂತವನ ಮುಖ ನೋಡಿದರು. ಅಷ್ಟೇ. ಯಾರೂ ನಗಲಿಲ್ಲ, ಅದರಲ್ಲಿ ನಗುವಂಥದ್ದೂ ಇರಲಿಲ್ಲ. ತಲೆ ಆಡಿಸಲು ಸಿದ್ಧವಾಗಿದ್ದ ಕತ್ತು ಹಾಗೇ ಉಳಿದುಬಿಟ್ಟಿತು. ಮನೆಗೆ ಬಂದಮೇಲೂ, ಊಟ ಮಾಡುವಾಗಲೂ, ಅದು ಹಾಗೇ ನಿಂತಿದೆ ಎನ್ನಿಸಿತ್ತು.

ಚೀಟಿ ಹಾಕುವ ಪ್ರಸಂಗ ಬರಬಾರದಿತ್ತು. ಹೆಗ್ಡೆಯವರ ನಾಮಪತ್ರ ಏನಾದರೂ ತಿರಸ್ಕಾರವಾದರೆ ಇರಲಿ ಎಂದು ಅವರ ಒಕ್ಕಲು ತಿಮ್ಮನ ಕೈಯಲ್ಲೂ ಒಂದು ಕಾಗದ ಹಾಕಿಸಿದ್ದರು. ಅದನ್ನು ಹಿಂದೆ ತೆಗೆದುಕೊಳ್ಳಬೇಕಾದ ದಿನ ತಿಮ್ಮ ಕುಂದಾಪುರಕ್ಕೆ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತು, ಅವನು ಓಡುತ್ತ ಹೋಗಿ ಕಚೇರಿ ಮುಟ್ಟುವಾಗ ಗಂಟೆ ಮೂರೂ ಕಾಲು, ಗಡುವು ಮೂರಕ್ಕೇ ಮುಗಿದಿತ್ತು. ಹೀಗಾಗಿ ಸರಕಾರದ ಲೆಕ್ಕದಲ್ಲಿ ಇಬ್ಬರು ಅಭ್ಯರ್ಥಿಗಳು. ಹೆಗ್ಡೆಯವರಿಗೆ ಕೊಡೆಯ ಗುರುತು, ತಿಮ್ಮನಿಗೆ ತೆಂಗಿನಮರ. ಊರು ನಗುತ್ತ ನಗುತ್ತಲೇ ಶಾಲೆಗೆ ಹೋಗಿ ಸಾಲು ನಿಂತಿತು. ಎಲ್ಲರೂ ಕೊಡೆಗೆ, ತಿಮ್ಮನೂ ಕೊಡೆಗೇ ಎಂದು ಮಾತಾಗಿತ್ತು. ಚಂದಯ್ಯನಿಗೆ ಚೀಟಿ ಕೊಟ್ಟು ಮೂರನೇ ತರಗತಿಯ ಕೋಣೆಗೆ ಕಳಿಸಿದರು. ಮೂಲೆಯಲ್ಲಿ ಯಾವುದೋ ಹಳೆಯ ಸೀರೆಯನ್ನು ಅಡ್ಡ ಕಟ್ಟಿದ್ದರು. ಅದರ ಹಿಂದೆ ಒಂದು ಬೆಂಚು, ಬೆಂಚಿನ ಮೇಲೆ ಎರಡು ತಗಡಿನ ಪೆಟ್ಟಿಗೆ, ಒಂದಕ್ಕೆ ಕೊಡೆಯ ಚಿತ್ರ, ಇನ್ನೊಂದಕ್ಕೆ ತೆಂಗಿನಮರದ್ದು. ಒಳಗೆ ಹೋದ ಕೂಡಲೇ ಹೊರಗಿನ ಮಾತು ಸಣ್ಣದಾಯಿತು. ತಾನು ಒಬ್ಬನೇ ಇದ್ದೇನೆ ಎಂದು ಅವನಿಗೆ ಫಕ್ಕನೆ ಗೊತ್ತಾಯಿತು. ಗದ್ದೆಯಲ್ಲಿ, ಕೆರೆಯಲ್ಲಿ ಒಬ್ಬನೇ ಇರುವ ಹಾಗಲ್ಲ, ಬೇರೆ ತರಹ. ಇಲ್ಲಿ ಕೇಳಿದ್ದು ಅವನನ್ನೇ. ಅವನು ಏನಾದರೂ ಹೇಳುವ ತನಕ ಪೆಟ್ಟಿಗೆಗಳು ಕಾಯುತ್ತಿದ್ದವು. ಕೈ ತಾನಾಗಿ ಕೊಡೆಯ ಕಡೆ ಹೋಯಿತು, ಅಲ್ಲಿಂದ ಹಿಂದೆ ಬಂತು. ಚೀಟಿ ತೆಂಗಿನಮರದ ಪೆಟ್ಟಿಗೆಯ ತಳಕ್ಕೆ ಬಿದ್ದಾಗ ಶಬ್ದ ಬಂತೆಂದು ಅವನಿಗೆ ಈಗಲೂ ಅನಿಸುತ್ತದೆ. ಅಷ್ಟು ತೆಳ್ಳಗಿನ ಕಾಗದ ಬಿದ್ದರೆ ಶಬ್ದ ಬರಲಾರದು. ಪೆಟ್ಟಿಗೆ ಬರಿದಾಗಿತ್ತಲ್ಲ.

ಕೊಡೆಗೆ ನೂರ ಎಂಬತ್ತೇಳು, ತೆಂಗಿನಮರಕ್ಕೆ ಒಂದು. ಎಣಿಸಿ ಹೇಳಿದಾಗ ಮೊದಲು ಎಲ್ಲರೂ ನಕ್ಕರು, ತಿಮ್ಮನ ಬೆನ್ನಿಗೆ ಗುದ್ದಿದರು. ತಿಮ್ಮ ದೇವರ ಆಣೆ ಹಾಕಿ, ನಾನಲ್ಲ ಎಂದು ಅಳುವುದಕ್ಕೇ ಶುರುಮಾಡಿದ ಮೇಲೆ ನಗು ನಿಂತುಹೋಯಿತು. ಆಮೇಲೆ ಅಂಗಡಿಯ ಕಿಟ್ಟ, "ಊರಿನವ್ರ್ ಯಾರೂ ಹಾಕಿರೂಕಿಲ್ಲ," ಎಂದ. ಎಷ್ಟು ಸಾದಾ ಮಾತು. ಆದರೆ ಆ ಮಾತು ಮುಗಿಯುವಷ್ಟರಲ್ಲಿ ಊರಿನವರಲ್ಲದ ಒಬ್ಬನ ಹೆಸರು ಎಲ್ಲರ ಮನಸ್ಸಿಗೂ ಬಂದಾಗಿತ್ತು. ಹುಟ್ಟಿದ ಊರು ಕೆರಾಡಿಯಾದ ತಾನೂ ಊರಿನವನು ಹೌದೋ ಅಲ್ಲವೋ ಎಂದು ಚಂದಯ್ಯನಿಗೆ ಆ ಕ್ಷಣಕ್ಕೆ ತಿಳಿಯಲಿಲ್ಲ. ಆದರೆ ಯಾರೂ ಅವನ ಕಡೆ ತಿರುಗಲಿಲ್ಲ. ಹೆಂಡತಿ ಊರಿನವಳು, ಅಷ್ಟು ಸಾಕಿತ್ತು. "ಗುಡ್ಡನಾ?" ಎಂದು ಯಾರೋ ಕೇಳಿದರು. ಆಗ ಚಂದಯ್ಯ, ಯಾರೂ ಅವನನ್ನು ಕೇಳದಿದ್ದಾಗ, "ಇರೂಕೂ ಸಾಕ್," ಎಂದುಬಿಟ್ಟ. ಎರಡೇ ಶಬ್ದ, ಇರಬಹುದು ಎಂಬಷ್ಟೇ ಅರ್ಥ. ಹೆಗ್ಡೆಯವರ ಭಾವನೇ ಹೇಳಿದ ಮೇಲೆ ಇನ್ನೇನು ಎನ್ನುವ ಹಾಗೆ ಕಿಟ್ಟ ತಲೆ ಆಡಿಸಿದ.

ಹಾರ್ನು ಮತ್ತೆ ಕೂಗಿತು, ಈಗ ದೂರದಲ್ಲಿ. ಚಂದಯ್ಯ ಕತ್ತಿಯನ್ನು ಚೆಂಬಿನ ನೀರಿಗೆ ಹಾಕಿ ಅಂಗಳಕ್ಕೆ ಹಾರಿ, ಗದ್ದೆಯ ಅಂಚಿನ ಮೇಲೆ ಓಡಿದ. ಗುಡ್ಡ ಏರಿನಲ್ಲಿ ಸೈಕಲ್ಲು ದೂಡಿಕೊಂಡು ಹೋಗುತ್ತಿದ್ದವನು ಸದ್ದಿಗೆ ತಿರುಗಿ ನೋಡಿ, ಅರ್ಧ ಕೆನ್ನೆಗೆ ಸಾಬೂನಿನ ನೊರೆ ಹತ್ತಿಕೊಂಡಿದ್ದ ಶೆಟ್ಟರನ್ನು ಕಂಡು ನಿಂತ.

"ಎಂತಾಯ್ತ್ ಶೆಟ್ರೆ?"

ಅವನಿಗೆ ಹೇಳಬೇಕೆಂದೇ ಚಂದಯ್ಯ ಓಡಿಬಂದದ್ದು. ಬಾಯಿ ತೆರೆದ. "ಬಂಗ್ಡಿ ಹೊಸ್ತಾ?" ಎಂದು ಕೇಳಿದ.

"ಹೊಸ್ತೇ. ಆರೆ ನಿಮ್ಗ್ ಬ್ಯಾಡ. ಮನಿಯಗೆ ಗಲಾಟಿ ಆತ್ತ್."

"ಕೊಡ್ ಮಾರಾಯಾ."

ಗುಡ್ಡ ಬುಟ್ಟಿಯ ಮೇಲಿನ ಗೋಣಿ ಸರಿಸಿ ಎಂಟು ಬಂಗಡೆ ಆರಿಸಿ ಎಲೆಯಲ್ಲಿ ಕಟ್ಟಿದ. ಕಟ್ಟುತ್ತ, ಮಳೆಯ ವಿಷಯ ಹೇಳುವ ಧ್ವನಿಯಲ್ಲಿ ಹೇಳಿದ: "ನಿನ್ನಿ ಹೆಗ್ಡೇರ್ ಬಂದಿದ್ರ್. ನನ್ ಬಿಡಾರದ ಜಾಗ ಪಂಚಾಯ್ತಿ ಆಫೀಸ್ ಕಟ್ಟೂಕ್ ಬೇಕಂಬ್ರ್. ಚಂದ ಮಾಡಿಯೇ ಹೇಳ್ರ್. ಆಯ್ತಾರದ ಸಭಿಯಗೆ ಊರೆಲ್ಲ ಒಪ್ರೆ ಮಾತ್ರ ಅಂದ್ರ್."

"ನೀ ಎಂತ ಹೇಳ್ದೆ?"

"ಊರ್ ಒಪ್ಪುದಿಲ್ಯಾ?" ಎಂದ ಗುಡ್ಡ. ನಗಲಿಲ್ಲ. ಸೈಕಲ್ಲನ್ನು ಏರಿಗೆ ದೂಡಿದ.

ಮೀನಿನ ಕಟ್ಟು ಹಿಡಿದು ಬರುವಾಗ ಕಿಟ್ಟನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಮಾತು ನಿಲ್ಲಿಸಿದರು. ಕಟ್ಟನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಳ್ಳಬೇಕೆಂದು ಕೈ ಹೋಯಿತು, ಚಂದಯ್ಯ ತಡೆದ. ತಡೆದದ್ದಕ್ಕೆ ಹೆಮ್ಮೆಯಾಯಿತು, ಇಷ್ಟಕ್ಕೇ ಹೆಮ್ಮೆಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ಪ್ರಭಾವತಿ ಜಗಳ ಮಾಡಲಿಲ್ಲ. ಮೀನನ್ನು ಹೊರಗಿನ ಕಲ್ಲಿನ ಮೇಲೆ ಸೀಳಿ ತೊಳೆದು, ಬೇರೆ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿ, ಅವನ ಒಬ್ಬನ ಬಟ್ಟಲಿಗೆ ಬಡಿಸಿದಳು. ಮಕ್ಕಳಿಬ್ಬರೂ ಹುರುಳಿ ಸಾರಿನಲ್ಲಿ ಕಲೆಸಿದ ಅನ್ನ ಉಣ್ಣುತ್ತ ಅವನ ಬಟ್ಟಲನ್ನು ನೋಡುತ್ತಿದ್ದರು. ಚಿಕ್ಕವಳು ಕೈ ಚಾಚಿದಾಗ ತಾಯಿ ಮೆಲ್ಲಗೆ ಅದನ್ನು ಹಿಂದೆ ಎಳೆದಳು. ಚಂದಯ್ಯ ಎಂಟೂ ಬಂಗಡೆ ತಿನ್ನಲಾರದೆ, ಬಿಡಲೂ ಆಗದೆ, ಮುಳ್ಳು ಬಿಡಿಸುತ್ತ ಬಹಳ ಹೊತ್ತು ಕೂತ.

ಆದಿತ್ಯವಾರ ಶಾಲೆಯಲ್ಲಿ ಸಭೆ. ಚೀಟಿ ಹಾಕಿದ್ದ ಅದೇ ಕೋಣೆ. ಸೀರೆ ಬಿಚ್ಚಿ ತೆಗೆದಿದ್ದರು, ಗೋಡೆಯ ಮೊಳೆ ಉಳಿದಿತ್ತು. ಸಾಸ್ತಾನದ ಕಡೆಯ ಪ್ರೇಮಾನಂದ ಎಂಬ ಹುಡುಗ ಪಂಚಾಯತಿಗೆ ಸೆಕ್ರೆಟರಿಯಾಗಿ ಬಂದಿದ್ದ. ದೊಡ್ಡ ಪುಸ್ತಕ ಬಿಡಿಸಿಕೊಂಡು ಕೂತಿದ್ದ. ರತ್ನಾಕರ ಹೆಗ್ಡೆ ಕಟ್ಟಡದ ವಿಷಯ ಹೇಳಿದರು. ರಸ್ತೆ ಬದಿಯ ಜಾಗವನ್ನು ಊರಿಗೆ ಪುಕ್ಕಟೆಯಾಗಿ ಬಿಟ್ಟುಕೊಡುತ್ತೇನೆ ಎಂದರು. ಗುಡ್ಡನಿಗೆ ತೊಂದರೆ ಆಗುತ್ತದೆ, ಬೇಸರದ ಸಂಗತಿ, ಆದರೆ ಊರಿನ ಕೆಲಸ ಎಂದರು. ಅವರ ಬೇಸರ ಸುಳ್ಳಾಗಿರಲಿಲ್ಲ. ಗುಡ್ಡ ಸಭೆಗೆ ಬಂದಿರಲಿಲ್ಲ. "ಯಾರದ್ದಾರೂ ಬೇರೆ ಅಭಿಪ್ರಾಯ ಇತ್ತಾ?" ಎಂದು ಹೆಗ್ಡೆಯವರು ಕೇಳುವ ಹೊತ್ತಿಗೆ ಚಂದಯ್ಯ ಎದ್ದು ನಿಂತಾಗಿತ್ತು. ಎದ್ದದ್ದು ಯಾವಾಗ ಎಂದು ಅವನಿಗೇ ಗೊತ್ತಾಗಲಿಲ್ಲ. ಮಕ್ಕಳ ಬೆಂಚು ಮೊಣಕಾಲಿಗೆ ತಾಗಿ ನೋಯುತ್ತಿತ್ತು.

"ಆ ಒಂದ್ ಓಟ್ ಗುಡ್ಡ ಹಾಕದ್ದಲ್ಲ," ಎಂದ. ಧ್ವನಿ ಅವನು ಎಣಿಸಿದ್ದಕ್ಕಿಂತ ಸಣ್ಣಗೆ ಬಂತು. "ನಾನ್ ಹಾಕದ್ದ್."

ಹೊಡೆಯುತ್ತಾರೆ, ಬಯ್ಯುತ್ತಾರೆ, ಎದ್ದು ಹೋಗುತ್ತಾರೆ ಎಂದೆಲ್ಲ ಅವನು ನಾಲ್ಕು ದಿನ ಎಣಿಸಿದ್ದ. ರತ್ನಾಕರ ಹೆಗ್ಡೆ ಅವನನ್ನೇ ನೋಡಿದರು. ಹದಿನೇಳು ವರ್ಷಗಳಲ್ಲಿ ಅವರು ಅವನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ಅವರ ಮುಖ ಸಡಿಲಾಯಿತು.

"ಕಾಣಿ," ಎಂದರು ಸಭೆಗೆ. "ನಮ್ಮ ಚಂದಯ್ಯನ ಮನಸ್ಸ್ ಹೀಂಗೆ. ಒಬ್ಬ ಬಡವನ ಮೇಲ್ ಬಂದ ಮಾತನ್ನ ತಾನ್ ಹೊತ್ಕಂತ. ಇಂಥೋರ್ ಊರಗೆ ಇರ್ಕ್."

ತಿಮ್ಮ ಚಪ್ಪಾಳೆ ತಟ್ಟಿದ. ಕಿಟ್ಟ ತಟ್ಟಿದ. ಆಮೇಲೆ ಎಲ್ಲರೂ ತಟ್ಟಿದರು. "ಸುಳ್ಳಲ್ಲ, ನಾನೇ ಕೈಯಾರೆ ತೆಂಗಿನ ಪೆಟ್ಟಿಗಿಗೆ" ಎಂದು ಚಂದಯ್ಯ ಹೇಳುತ್ತಿದ್ದ. ಹೆಗ್ಡೆಯವರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ಆಯ್ತ್, ಆಯ್ತ್. ಕೂಕೋ," ಎಂದರು. ಕೈ ಪ್ರೀತಿಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಭಾರವಾಗಿತ್ತು. ಇವರಿಗೆ ಗೊತ್ತಿದೆ ಎಂದು ಚಂದಯ್ಯನಿಗೆ ಆಗ ಅರ್ಥವಾಯಿತು. ಇವತ್ತಲ್ಲ, ಓಟು ಎಣಿಸಿದ ದಿನದಿಂದಲೂ ಗೊತ್ತಿದ್ದಿರಬಹುದು. ಅವನು ಕೂತುಬಿಟ್ಟ. ಕಟ್ಟಡ ಸಮಿತಿಗೆ ಚಂದಯ್ಯ ಶೆಟ್ಟರೂ ಇರಲಿ ಎಂದು ಯಾರೋ ಸೂಚಿಸಿದರು, ಯಾರೋ ಅನುಮೋದಿಸಿದರು. ಪ್ರೇಮಾನಂದ ಬರೆದುಕೊಂಡ.

ಮರುದಿನ ಬೆಳಿಗ್ಗೆ ಚಂದಯ್ಯ ರಸ್ತೆ ಬದಿಗೆ ಹೋದಾಗ ಗುಡ್ಡನ ಹೆಂಡತಿ ಜಲಜ ಬಿಡಾರದ ಮಾಡಿನಿಂದ ತೆಂಗಿನ ಮಡಲು ಎಳೆದು ಹಾಕುತ್ತಿದ್ದಳು. ಯಾರೂ ಇಂದೇ ಹೋಗಬೇಕೆಂದು ಹೇಳಿರಲಿಲ್ಲ. ಗುಡ್ಡ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದ.

"ಕೇಂಡೆ," ಎಂದ ಗುಡ್ಡ, ತಲೆ ಎತ್ತದೆ. "ನೀವ್ ಸಭಿಯಗೆ ಹೇಳದ್ದ್."

"ಯಾರೂ ನಂಬ್ಲಿಲ್ಲ."

"ನಾ ನಂಬ್ದೆ."

ಚಂದಯ್ಯ ಅಲ್ಲಿದ್ದ ಕಲ್ಲಿನ ಮೇಲೆ ಕೂತ. ಕ್ಷಮಿಸು ಎನ್ನಬೇಕೆಂದಿದ್ದ. ಆ ಶಬ್ದವನ್ನು ಅವನು ಜೀವನದಲ್ಲಿ ಯಾರಿಗೂ ಹೇಳಿರಲಿಲ್ಲ. ಆ ಅಂಗಳದಲ್ಲಿ ಅದು ಯಕ್ಷಗಾನದ ಮಾತಿನ ಹಾಗೆ ಕೇಳುತ್ತದೆ ಎನ್ನಿಸಿತು. ಗುಡ್ಡ ಗೋಣಿಯ ಬಾಯಿಗೆ ಹಗ್ಗ ಬಿಗಿದು ಎದುರು ಕುಕ್ಕರುಗಾಲಲ್ಲಿ ಕೂತ.

"ಶೆಟ್ರೆ, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಂಬೇಡಿ. ಆ ದಿನ ನಾವಿಬ್ರೂ ಬೆಳಿಗ್ಗೆಯೇ ಮಿಂದ್ ಶಾಲಿಗ್ ಹೋಯ್ತ್. ಇವ್ಳ್ ಮದ್ವಿ ಸೀರಿ ಉಟ್ಟಿದ್ಳ್. ಪಟ್ಟಿಯಗೆ ನನ್ನ ಹೆಸ್ರ್ ಓದುವತಿಗೆ ಮೈ ಜುಂ ಅಂತ್. ಈ ಊರಗೆ ನನ್ನ ಹೆಸ್ರ್ ಬರ್ದದ್ ಅದೊಂದೇ ಕಡಿ. ಊರ್ ಯಾವ್ದಕ್ ಹಾಕತ್ತೋ ಅದಕ್ಕೇ ಹಾಕ್ದೆ. ಕೊಡೆಗೆ. ಹಾಕಿ ಹೊರಗ್ ಬಪ್ಪತಿಗೆ, ಇನ್ ನಾನೂ ಊರಿನವ ಅಂದ್ ಎಣಸ್ದೆ." ಹಗ್ಗದ ಗಂಟನ್ನು ಮುಟ್ಟಿ ನೋಡಿದ. "ನಾನೇ ತೆಂಗಿನಮರಕ್ ಹಾಕಿದ್ದಿದ್ರೆ ಇಷ್ಟ್ ಬೇಜಾರ್ ಆತಿರ್ಲಿಲ್ಲ."

ಜಲಜ ಮಡಲು ಎಳೆಯುವುದನ್ನು ನಿಲ್ಲಿಸಿ, "ಹೊತ್ತಾಯ್ತ್," ಎಂದಳು. ಅವಳು ಚಂದಯ್ಯನ ಕಡೆ ಒಮ್ಮೆಯೂ ನೋಡಲಿಲ್ಲ. ದೊಡ್ಡ ಗೋಣಿಯನ್ನು ಚಂದಯ್ಯ ತಲೆಯ ಮೇಲೆ ಹೊತ್ತ. ಗುಡ್ಡ ಬೇಡವೆಂದರೂ ಕೇಳಲಿಲ್ಲ. ಹಾಲಾಡಿಯವರೆಗೆ ಅವರ ಹಿಂದೆ ನಡೆದ. ಕಿಟ್ಟನ ಅಂಗಡಿಯ ಮುಂದೆ ಬರುವಾಗ ನೋಡಲಿ, ಎಲ್ಲರೂ ನೋಡಲಿ ಎಂದು ಕತ್ತು ನೆಟ್ಟಗೆ ಮಾಡಿದ. "ಕಾಣಿ, ಶೆಟ್ರ ಮನಸ್ಸ್," ಎಂದು ಬೆಂಚಿನವರು ಮೆಚ್ಚಿಕೊಂಡದ್ದು ಕೇಳಿಸಿತು. ಗೋಣಿ ಆಗ ಎರಡರಷ್ಟು ಭಾರವಾಯಿತು. ಹಾಲಾಡಿಯಲ್ಲಿ ಬಸ್ಸಿನ ಮಾಡಿಗೆ ಸೈಕಲ್ಲು ಹತ್ತಿಸುತ್ತಿದ್ದ ಕಂಡಕ್ಟರು ಗುಡ್ಡನನ್ನು ಯಾವ ಊರಾಯಿತು ಎಂದು ಕೇಳಿದ. "ನಡುಬೆಟ್ಟು," ಎಂದ ಗುಡ್ಡ, ಯೋಚಿಸದೆ. ಬಸ್ಸು ಹೊರಟಿತು.

ಬುಧವಾರ ಪ್ರೇಮಾನಂದ ಪುಸ್ತಕ ಹಿಡಿದುಕೊಂಡು ಮನೆಗೆ ಬಂದ. ಸಭೆಗೆ ಬಂದವರೆಲ್ಲರ ಸಹಿ ಆಗಿದೆ, ಶೆಟ್ಟರದ್ದೊಂದು ಬಾಕಿ ಎಂದ. ಪ್ರಭಾವತಿ ಅವನಿಗೆ ಕಾಫಿ ಕೊಟ್ಟಳು. ಚಂದಯ್ಯ ಓದಿದ. ರಸ್ತೆ ಬದಿಯ ಜಾಗದಲ್ಲಿ ಕಟ್ಟಡ ಕಟ್ಟುವುದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ದುಂಡಗಿನ, ಚೊಕ್ಕ ಅಕ್ಷರ. ಪೆನ್ನು ತೆಗೆದುಕೊಂಡು ಸಹಿಗಳ ಕೆಳಗೆ, ಶಾಲೆಯಲ್ಲಿ ಕಲಿತ ಹಾಗೆ ಒಂದೊಂದೇ ಅಕ್ಷರ ಒತ್ತಿ ಬರೆದ: "ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಚುನಾವಣೆಯಲ್ಲಿ ತೆಂಗಿನಮರಕ್ಕೆ ಓಟು ಹಾಕಿದವನು ನಾನು. ಚಂದಯ್ಯ ಶೆಟ್ಟಿ."

ಪ್ರೇಮಾನಂದ ಓದಿ ಕಾಫಿಯ ಲೋಟ ಕೆಳಗಿಟ್ಟ. "ಎಂತ ಮಾಡಿದ್ರಿ ಮಾರಾಯ್ರೆ. ಹರಿದ್ ಬಿಸಾಡುಕೂ ಆಪುದಿಲ್ಲ, ಪುಟಕ್ಕೆಲ್ಲ ನಂಬ್ರ್ ಇತ್ತ್."

ಅವನು ಹೋದ ಮೇಲೆ ಪ್ರಭಾವತಿ ಎಂತ ಬರೆದಿರಿ ಎಂದು ಕೇಳಿದಳು. ಚಂದಯ್ಯ ಹೇಳಿದ. ಅವಳು ಬಾಗಿಲ ದಾರಂದಕ್ಕೆ ಕೈ ಕೊಟ್ಟು ನಿಂತಳು. "ಹೌದೇ ಆಗಿತ್ತಾ?" ಎಂದಳು. ಆಮೇಲೆ, "ಅಣ್ಣಯ್ಯನ ಮನಿಗ್ ನಾನಿನ್ ಹ್ಯಾಂಗ್ ಹೋಪುದ್?" ಎಂದಳು. ಅದು ಜಗಳದ ಮಾತಾಗಿರಲಿಲ್ಲ, ನಿಜವಾಗಿಯೂ ಅವಳಿಗೆ ತಿಳಿಯದೆ ಕೇಳಿದ್ದು.

ಎರಡು ದಿನ ಊರು ಸುಮ್ಮನಿತ್ತು. ಗದ್ದೆಗೆ ಬರುತ್ತೇವೆ ಎಂದಿದ್ದ ಆಳುಗಳು ಬರಲಿಲ್ಲ. ಕಿಟ್ಟ, ಬೆಲ್ಲ ಇಲ್ಲ ಎಂದ. ಬೆಲ್ಲದ ಡಬ್ಬಿ ಅವನ ಹಿಂದೆಯೇ ಇತ್ತು. ಶನಿವಾರ ಕೆರೆಯ ಏರಿಯ ಮೇಲೆ ತಿಮ್ಮ ಎದುರಾದ. ಹುಲ್ಲಿನ ಹೊರೆ ಹೊತ್ತಿದ್ದ. ದಾಟಿ ಹೋಗುತ್ತಾನೆ ಎಂದುಕೊಂಡರೆ ಆಚೆ ಈಚೆ ನೋಡಿ ನಿಂತ.

"ಶೆಟ್ರೆ, ಪುಸ್ತಕದಗೆ ನೀವ್ ಬರ್ದದ್ ಸಮವಾ?"

"ಸಮ."

ಹೊರೆಯ ಕೆಳಗೆ ತಿಮ್ಮನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅವನು ತುಟಿ ಒದ್ದೆ ಮಾಡಿಕೊಂಡ. "ಅಲ್ಲ, ನಾನ್ ಆ ದಿನದಿಂದ ಎಣಸ್ತಾ ಇದ್ದೆ. ಯಾರ್ ಹಾಕದ್ದ್ ಅಂದ್ ಅಲ್ಲ. ನನ್ನಂಥವಂಗ್ ಯಾರ್ ಎಂತಕ್ ಹಾಕ್ತ್ರ್ ಅಂದ್." ಮತ್ತೆ ಆಚೆ ಈಚೆ ನೋಡಿದ. "ನಂಗ್ ಅಂದೇ ಹಾಕದ್ದಾ ಶೆಟ್ರೆ? ಅಲ್ಲ ಹೆಗ್ಡೇರಿಗ್ ಬ್ಯಾಡ ಅಂದಾ?"

ಸೀರೆಯ ಹಿಂದೆ ನಿಂತಿದ್ದಾಗ ತಿಮ್ಮನ ನೆನಪು ತನಗೆ ಒಮ್ಮೆಯಾದರೂ ಬಂದಿತ್ತೇ ಎಂದು ಚಂದಯ್ಯ ತನ್ನನ್ನೇ ಕೇಳಿಕೊಂಡ. ಪೆಟ್ಟಿಗೆ ನೆನಪಿತ್ತು, ಬೆಂಚು ನೆನಪಿತ್ತು, ಪೆಟ್ಟಿಗೆಗೆ ಅಂಟಿಸಿದ್ದ ಮರದ ಚಿತ್ರ ನೆನಪಿತ್ತು. ಆ ಮರ ಒಬ್ಬ ಮನುಷ್ಯ ಎಂದು ಅವನು ಎಣಿಸಿಯೇ ಇರಲಿಲ್ಲ. ನಿನಗೇ ಎಂದರೆ ಮುಗಿದಿತ್ತು. ತಿಮ್ಮ ಸಾಯುವ ತನಕ ಅದನ್ನು ಜೋಪಾನ ಮಾಡಿಕೊಂಡಿರುತ್ತಿದ್ದ.

"ಹೆಗ್ಡೇರಿಗ್ ಬ್ಯಾಡ ಅಂದ್," ಎಂದ ಚಂದಯ್ಯ.

"ಹಾಂಗಾ," ಎಂದ ತಿಮ್ಮ. ಹೊರೆಯನ್ನು ಸರಿಮಾಡಿಕೊಂಡು, ಶೆಟ್ಟರ ಮೈಗೆ ಹುಲ್ಲು ತಾಗದ ಹಾಗೆ ಏರಿಯ ಅಂಚಿಗೆ ಸರಿದು ದಾಟಿ ಹೋದ.